ಷಡ್ಡಕನ ಸಿತಾರ, ನನ್ನ ತಂಬೂರಿ

ನಿನ್ನೆ ಸೋಫಾದ ಸಂದಿಯೊಳಗ ಕನ್ನಡಕ ಹುಡಕಲಿಕ್ಕೆ ಕೈ ಹಾಕಿದೆ. ಬೆರಳಿಗೆ ಏನೋ ಚುಚ್ಚಿತು. ತಗದು ನೋಡಿದ್ರ ತಂತಿ ಬಾಗಿಸಿ ಮಾಡಿದ ಸಣ್ಣ ಗೂಡು, ತೋರಬೆರಳಿನ ತುದಿಗೆ ಹಾಕ್ಕೊಳ್ಳೂದು. ಇದಕ್ಕ ಮಿಜರಾಬ ಅಂತಾರ. ಸಿತಾರ ಬಾರಸಾವ್ರು ಇದನ್ನ ಹಾಕ್ಕೊಂಡು ತಂತಿ ಮೀಟ್ತಾರ. ನಮ್ಮ ಮನ್ಯಾಗ ಸಿತಾರ ಬಾರಸಾವ್ರು ಯಾರೂ ಇಲ್ಲ. ಹಂಗಾದ್ರ ಇದು ಯಾರದು ಅಂತ ತಿಳೀಲಿಕ್ಕೆ ನನಗೇನು ಭಾಳ ಹೊತ್ತು ಬೇಕಾಗಲಿಲ್ಲ. ಹೊಟ್ಟಿಯೊಳಗ ಸಣ್ಣಗ ಉರಿ ಹತ್ತಿತು ನೋಡ್ರಿ, ಅದರ ಮ್ಯಾಲೇ ಗುರತ ಸಿಕ್ಕಿತು. ಇದು ವಾಸಣ್ಣಂದು.

ವಾಸಣ್ಣ ಅಂದ್ರ ನನ್ನ ಷಡ್ಡಕ. ನನ್ನ ಹೆಂಡತಿ ಸುಮಿತ್ರಾನ ಅಕ್ಕ ಕುಸುಮಾನ ಗಂಡ. ಬ್ಯಾಂಕಿನ್ಯಾಗ ದೊಡ್ಡ ಸಾಹೇಬಾಗಿ ರಿಟಾಯರ್ ಆಗಿ ಈಗ ಪುಣೆಯ ಮಗರಪಟ್ಟಾದೊಳಗ ಹನ್ನೊಂದನೇ ಮಜಲಿನ ಮ್ಯಾಲೆ ಇರ್ತಾನ. ನಾ ಬಾಜೂಕಿನ ಹಡಪಸರದೊಳಗ ಎರಡನೇ ಮಜಲಿನ ಮ್ಯಾಲೆ. ನನಗ ಅದರ ಬಗ್ಗೆ ಏನೂ ಅನಸೂದಿಲ್ಲ. ಅವರ ಬಿಲ್ಡಿಂಗಿನ ಲಿಫ್ಟ್ ಬಂದ್ ಬಿತ್ತು ಅಂತ ಕೇಳಿದಾಗ ಮಾತ್ರ ತಪ್ಪದ ಫೋನ್ ಮಾಡಿ, ಆರಾಮ ಇದ್ದೀರೇನ್ರಿ ಅಂತ ವಿಚಾರಸ್ತೀನಿ.

ದೇವರು ಅಣ್ಣತಮ್ಮಂದಿರನ್ನ ಹೊಲ ಹಂಚಿಕೊಳ್ಳಲಿಕ್ಕೆ ಹುಟ್ಟಿಸಿದ. ಬೀಗರನ್ನ ಸಿಟ್ಟಿಗೇಳಲಿಕ್ಕೆ ಹುಟ್ಟಿಸಿದ. ಷಡ್ಡಕನ್ನ ಮಾತ್ರ ಬರೇ ಹೊಟ್ಟಿಕಿಚ್ಚಿಗಂತನ ಹುಟ್ಟಿಸ್ಯಾನ. ನೀವೂ ಯಾರದರ ಷಡ್ಡಕ ಆಗಿದ್ರ ಈಗ ತಲಿ ಅಲ್ಲಾಡಿಸ್ತಿರ್ತೀರಿ, ನನಗ ಗೊತ್ತದ.

ವಯಸ್ಸಿನ್ಯಾಗ ನಾ ಹಿರಿಯ. ಆದ್ರ ಅಂವ ದೊಡ್ಡ ಮಗಳನ್ನ ಮಾಡ್ಕೊಂಡಾನ, ಹಿಂಗಾಗಿ ಅಂವ ಹಿರಿ ಅಳಿಯ. ಬೆಳಗಾವಿಯೊಳಗ ಮಾವನ ಮನ್ಯಾಗ ಪಂಕ್ತಿ ಹಾಕಿದ್ರ ಮೊದಲನೇ ಮಣೆ ಅವಂದು. ಮಂಡಿಗಿ ಬಡಿಸಿದ್ರ ಅವನ ಎಲಿಗೆ ಹುಣ್ಣಿವಿ ಚಂದ್ರಾಮನಂಥಾ ಮಂಡಿಗಿ, ನನ್ನ ಎಲಿಗೆ ಮೂಲಿ ಮುರದದ್ದು. ಒಮ್ಮೆ ತಡೀಲಾರದ ಅವಗ ಎಲಿ ಅಡಿಕಿ ಮಡಿಚಿ ಕೊಡುವಾಗ ಸುಣ್ಣ ಒಂದೀಟು ಧಾರಾಳ ಹಚ್ಚಿದೆ. ನಾಲಿಗಿ ಸುಟ್ಟು ಎರಡು ದಿನ ಬಾಯಿ ಬಿಡಲಿಲ್ಲ. ನಮ್ಮ ಮಾವ ಬಂದವ್ರ ಮುಂದೆಲ್ಲಾ ಹೇಳಿದ್ದs ಹೇಳಿದ್ದು, "ನಮ್ಮ ಹಿರಿ ಅಳಿಯಂದ್ರು ಎಷ್ಟು ಗಂಭೀರ ನೋಡ್ರಿ, ಮಾತs ಇಲ್ಲ." ಇದಕ್ಕೇನಂತೀರಿ? ಸುಣ್ಣ ಹಚ್ಚಿದಾವ ನಾ, ಹೆಸರು ಬಂದದ್ದು ಅವಗ.

ಇಲ್ಲಿಕಂದ್ರ ನನ್ನ ಚೇಷ್ಟಾ ಸುಳ್ಳಾಗೂದಿಲ್ಲ. ಖಡಕಿ ಫ್ಯಾಕ್ಟರ್ಯಾಗ ನೌಕರಿ ಮಾಡುವಾಗ ನಮ್ಮ ಫೋರಮನ್ ಊಟದ ಡಬ್ಬಿ ತಗಿಯೂಕಿಂತ ಮೊದಲು ಕಿವಿ ಹಚ್ಚಿ ಕೇಳ್ತಿದ್ದ. ಒಮ್ಮೆ ಅದರಾಗ ಒಂದು ಕಪ್ಪಿ ಕೂತಿತ್ತು. ಹೆಂಗ ಕೂತಿತ್ತು ಅನ್ನೂದು ಯಾರಿಗೂ ತಿಳೀಲಿಲ್ಲ. ತಿಳದಾವ್ರು ನಗಲಿಲ್ಲ, ಯಾಕಂದ್ರ ಅವರಿಗೂ ಡಬ್ಬಿ ಇತ್ತು.

ಎಲ್ಲಿಂದ ಎಲ್ಲಿಗೆ ಹೋದೆ. ಸಿತಾರದ ಮಾತಿಗೆ ಬರೂಣ.

ಹ್ವಾದ ವರ್ಷ ಒಂದಿನಾ ಸುಮಿತ್ರಾ ಚಹಾ ಕೊಡ್ಕೋತ ಅಂದ್ಲು, "ಭಾವ ಸಿತಾರ ಕಲೀಲಿಕ್ಕೆ ಹತ್ತ್ಯಾರಂತ. ಮಿರಜಕ್ಕ ಹೋಗಿ ಹೊಸಾದು ತಂದಾರಂತ."

"ಈ ವಯಸ್ಸಿನ್ಯಾಗ?"

"ಈ ವಯಸ್ಸಿನ್ಯಾಗ ನೀವೇನು ಕಲೀಲಿಕ್ಕೆ ಹತ್ತೀರಿ?"

"ನಾ ಎಲ್ಲಾ ಕಲ್ತು ಮುಗಿಸೇನಿ."

"ಅಷ್ಟs ಆಗೇದ," ಅಂತ ಕಪ್ಪು ಬಸಿ ಎತ್ತಿಕೊಂಡು ಒಳಗ ಹೋದ್ಲು.

ನೋಡಲಿಕ್ಕೆ ಹೋಗಲಾರದ ಇರಲಿಕ್ಕೆ ಆಗ್ತದೇನು? ಹೋದ್ವಿ. ಹನ್ನೊಂದನೇ ಮಜಲಿನ ಮ್ಯಾಲೆ ಗಾಳಿ ಬೀಸ್ತಿತ್ತು. ಮಖಮಲ್ಲಿನ ಗವಸಣಿಗಿಯೊಳಗಿಂದ ವಾಸಣ್ಣ ಸಿತಾರ ತಗದ ರೀತಿ ನೋಡಬೇಕಿತ್ತು ನೀವು. ಕೂಸಿನ್ನ ತೊಟ್ಟಿಲದಿಂದ ಎತ್ತಿದಂಗ. ದುಂಡನ್ನ ಬುರುಡಿ, ಉದ್ದನ್ನ ಕುತಿಗಿ, ಕುತಿಗಿ ಮ್ಯಾಲೆ ಸ್ವರಕ್ಕೊಂದರಂಗ ಹಿತ್ತಾಳಿ ಕಮಾನು, ಅವಕ್ಕ ಪಡದಾ ಅಂತಾರ. ಅಂವ ಚಕ್ಕಳಮಕ್ಕಳ ಹಾಕಿ, ಮಿಜರಾಬ ಏರಿಸಿ, ಸಾ ರೇ ಗಾ ಬಾರಿಸಿದ. ಗಾ ಅನ್ನೂ ಹೊತ್ತಿಗೆ ಬಾಗಲದಾಗ ಬೆಕ್ಕಿನ ಬಾಲ ಸಿಕ್ಕಂಗ ಕೇಳಿಸ್ತು. ನನ್ನ ಜೀವಕ್ಕ ತಂಪಾತು.

ಆದ್ರ ಅಂವ ಅಷ್ಟಕ್ಕ ಬಿಡಬೇಕಲ್ಲ. "ಗೋಪಾಳರಾವ್, ಇಲ್ಲಿ ಬರ್ರಿ," ಅಂತ ಕರದ. "ಈ ಮ್ಯಾಲಿನ ತಂತಿಗಳ ತಳಗ ಇನ್ನೊಂದು ಸಾಲು ಸಣ್ಣ ತಂತಿ ಕಾಣ್ತಾವಲ್ಲ, ಇವಕ್ಕ ತರಬ್ ಅಂತಾರ. ಇವನ್ನ ಮುಟ್ಟೂದs ಇಲ್ಲ. ಮ್ಯಾಲಿಂದು ಮೀಟಿದ್ರ ತಾವs ಝಣ ಝಣ ಅಂತಾವ."

ನನಗ ಅದನ್ನ ಹೇಳಿ ಕೊಡೂದು ಬೇಕಾಗಿದ್ದಿಲ್ಲ. ಮಗರಪಟ್ಟಾದೊಳಗ ಮೀಟಿದ್ರ ಹಡಪಸರದೊಳಗ ಝಣ ಝಣ ಅನ್ನೂ ತಂತಿ ನನ್ನ ಹೊಟ್ಟಿಯೊಳಗ ನಲವತ್ತು ವರ್ಷದಿಂದ ಅದ.

ಆಮ್ಯಾಲೆ ಅಂವ ಎಡಗೈ ಬೆರಳು ಮುಂದ ಮಾಡಿದ. ತಂತಿ ಒತ್ತಿ ಒತ್ತಿ ತುದಿಗೆ ಜಡ್ಡು ಬಿದ್ದಿತ್ತು. ಕುಸುಮಾ ಮುಟ್ಟಿ ನೋಡಿದ್ಲು. ಸುಮಿತ್ರಾನೂ ಮುಟ್ಟಿ ನೋಡಿ, "ಅಯ್ಯ ಭಾವ, ಎಷ್ಟು ಗಟ್ಟಿ ಆಗೇದ," ಅಂದ್ಲು. ಅಷ್ಟು ವರ್ಷ ಲೇಥ್ ಮಶೀನಿನ ಹಿಡಿಕಿ ತಿರುವಿದ ಕೈ ಇದ್ದಾವ ನಾ. ನನ್ನ ಅಂಗೈಯಾಗ ಬೆಂಕಿಕಡ್ಡಿ ಗೀರಬಹುದು. ಒಬ್ಬರರ ಮುಟ್ಟಿ ನೋಡಿದ್ದು ನೆನಪಿಲ್ಲ.

ಖರೇ ಪೆಟ್ಟು ಬಿದ್ದದ್ದು ಅವಲಕ್ಕಿ ತಿನ್ನುವಾಗ. ದಸರಾದ ಮುಂದ ನಮ್ಮ ಕನ್ನಡ ಮಂಡಳಿಯವರು ಹಾಡಿನ ಕಾರ್ಯಕ್ರಮ ಇಟ್ಟಿದ್ರು. ಸುಮಿತ್ರಾ ದಾಸರ ಪದ ಹಾಡೂದಿತ್ತು. ಆಕಿ ಧ್ವನಿ ಛಲೋ ಅದ. ನಾ ಇದನ್ನ ಆಕಿಗೆ ಎಂದೂ ಹೇಳಿಲ್ಲ, ಸೊಕ್ಕು ಬಂದೀತು ಅಂತ. ವಾಸಣ್ಣ ಅವಲಕ್ಕಿ ತಾಟು ಕೆಳಗಿಟ್ಟು, "ಸುಮಿತ್ರಾ, ನೀ ಹಾಡು, ನಾ ಬಾಜೂಕ ಕೂತು ಸಿತಾರ ಬಾರಸ್ತೀನಿ," ಅಂದ.

"ಆಗ್ಲಿ ಭಾವ," ಅಂದ್ಲು. ಎಷ್ಟು ಲಗೂ ಅಂದ್ಲು ಅಂದ್ರ, ನಾ ಇನ್ನೂ ಸೇಂಗಾ ಕಾಳು ಕಡೀಲಿಕ್ಕೆ ಹತ್ತಿದ್ದೆ.

ವಿಚಾರ ಮಾಡ್ರಿ. ಸ್ಟೇಜಿನ ಮ್ಯಾಲೆ ನನ್ನ ಹೆಂಡತಿ, ಆಕಿ ಬಾಜೂಕ ಜರಿ ಅಂಚಿನ ಶಾಲು ಹೊತ್ತುಕೊಂಡು ಷಡ್ಡಕ. ನಾ ಕೆಳಗ ಕೂತು ಚಪ್ಪಾಳಿ ತಟ್ಟಬೇಕು. ಆಕಿ ಬಾಜೂಕ ಆ ಜಾಗಾ ನನ್ನದಾಗಬೇಕು, ಅವಂದು ಆಗಬಾರದು. ಅವತ್ತಿನಿಂದ ನನಗ ಮತ್ತೊಂದು ಚಿಂತಿ ಇರಲಿಲ್ಲ.

ಮೊದಲು ವೈರಿ ಶಸ್ತ್ರದ ಮಾಹಿತಿ ಬೇಕಲ್ಲ. ವಾಸಣ್ಣಗ ಕಲಸೂ ಹುಡುಗಿ ಗೌರಿ ಅಂತ, ಬೆಳಗಾವಿಯಾಕಿ, ನಮ್ಮ ಓಣಿಯೊಳಗs ಕ್ಲಾಸ್ ನಡಸ್ತಾಳ. ಅಲ್ಲಿಗೆ ಹೋದೆ. ಗ್ವಾಡಿಗೆ ಬಗಿಬಗಿ ವಾದ್ಯ ಆನಿಸಿ ಇಟ್ಟಿದ್ಲು. ಎಲ್ಲಾಕ್ಕೂ ಹೊಟ್ಟಿ ದಪ್ಪ, ಕುತಿಗಿ ಉದ್ದ. ಒಂದs ಮನೆತನದವು ಅನ್ನೂದು ಮಾರಿ ನೋಡಿದ್ರ ತಿಳೀತಿತ್ತು.

"ಇದು ಸರೋದ ಕಾಕಾ," ಅಂದ್ಲು. "ಇದರ ಹೊಟ್ಟಿ ಮ್ಯಾಲೆ ತೊಗಲು ಇರ್ತದ, ಕುತಿಗಿ ಮ್ಯಾಲೆ ಉಕ್ಕಿನ ತಗಡು. ಪಡದಾ ಇಲ್ಲ. ಎಲ್ಲಿ ಬೆರಳು ಇಡಬೇಕು ಅನ್ನೂದು ನಿಮಗs ಗೊತ್ತಿರಬೇಕು."

"ಗೊತ್ತಿಲ್ಲದಿದ್ರ?"

"ಎಲ್ಲಾರಿಗೂ ಗೊತ್ತಾಗ್ತದ." ಆಮ್ಯಾಲೆ ವೀಣಾ ತೋರಿಸಿದ್ಲು. ಅದರ ಪಡದಾ ಮೇಣದಾಗ ಕೂಡ್ಸಿರ್ತಾರಂತ, ಅಲಗಾಡೂದಿಲ್ಲ. ಸಿತಾರದವು ದಾರ ಕಟ್ಟಿದ್ದು, ರಾಗಕ್ಕ ತಕ್ಕಂಗ ಸರಸಬಹುದು. ನಮ್ಮ ವಾಸಣ್ಣನ ಸ್ವಭಾವನೂ ಹಂಗs, ಸಾಹೇಬರಿಗೆ ತಕ್ಕಂಗ ಸರೀತಿದ್ದ. ಕಡೀಕ ಮೂಲ್ಯಾಗ ಎಲ್ಲಾಕ್ಕಿಂತ ಉದ್ದ, ಎಲ್ಲಾಕ್ಕಿಂತ ದಪ್ಪ ಒಂದು ನಿಂತಿತ್ತು. ಮೈಮ್ಯಾಲೆ ಒಂದು ಪಡದಾ ಇಲ್ಲ. ನಾಲ್ಕs ತಂತಿ.

"ಇದು ತಂಬೂರಿ. ಇದರಾಗ ಹಾಡು ಬಾರಸಲಿಕ್ಕೆ ಬರೂದಿಲ್ಲ ಕಾಕಾ. ಹಾಡಾವ್ರ ಹಿಂದ ಕೂತು ಬರೇ ಶ್ರುತಿ ಬಿಡ್ತಾರ. ಆದ್ರ ತಂಬೂರಿ ಇಲ್ಲದ ಹಾಡಿಲ್ಲ. ಸಿತಾರ ಇಲ್ಲದಿದ್ರ ನಡೀತದ."

ಇಷ್ಟು ಬೇಕಾಗಿತ್ತು ನನಗ. ಸಿತಾರ ಇಲ್ಲದಿದ್ರ ನಡೀತದ. ಈ ಮಾತನ್ನ ರಿಕ್ಷಾದ ಹಿಂದ ಬರಸಬೇಕು ಅನಿಸ್ತು.

ನಾ ಏನು ವಾದ್ಯ ಗೊತ್ತಿಲ್ಲದ ಮನಶ್ಯಾ ಅಲ್ಲರಿ. ಧಾರವಾಡದಾಗ ಸಣ್ಣಾಂವ ಇದ್ದಾಗ ನಮ್ಮ ಬಾಗಲಕ್ಕ ಏಕತಾರಿ ಹಿಡಕೊಂಡು ಒಬ್ಬ ದಾಸಯ್ಯ ಬರ್ತಿದ್ದ. ಒಂದs ತಂತಿ, ಅದರಾಗ ಓಣೆಲ್ಲಾ ತುಂಬಿಸ್ತಿದ್ದ. ನಂಗೂ ಒಂದು ಬೇಕು ಅಂತ ಹಟ ಬಂತು. ನಮ್ಮಜ್ಜಿ ಬೀಜಕ್ಕಂತ ಅಟ್ಟದ ಮ್ಯಾಲೆ ಒಣಗಿಸಿಟ್ಟ ಸೋರೆಬುರುಡಿ ಇಳಿಸಿ, ಅದಕ್ಕ ಬಿದರಿನ ಗಳ ತುರುಕಿ, ಗಾಳಿಪಟದ ಮಾಂಜಾ ಬಿಗದೆ. ಮೀಟಿದ್ರ ಗುಂಗಾಡು ಅಂದಂಗ ಅಂತಿತ್ತು. ಒಳಗಿನ ಬೀಜ ಗಿಲಕಿಯಂಗ ತಾಳ ಹಾಕ್ತಿದ್ವು. ಅಜ್ಜಿ ಅಡಗಿಮನ್ಯಾಗಿಂದ, "ಯಾವ ಭಿಕ್ಷುಕ ಬಂದಾನ ನೋಡ್ರೆ, ಒಂದು ಹಿಡಿ ಜ್ವಾಳ ಹಾಕ್ರಿ," ಅಂದ್ಲು. ನಾ ಧೋತರ ಹೊತ್ತು ಮಾರಿ ಮುಚ್ಚಿಕೊಂಡು ಆ ಜ್ವಾಳ ತಗೊಂಡು ಬಂದೆ. ನನ್ನ ಜೀವನದಾಗ ಸಂಗೀತದಿಂದ ಆದ ಗಳಿಕಿ ಅಷ್ಟs.

ಪೇಠದೊಳಗಿನ ಒಂದು ಹಳೆ ಅಂಗಡಿಗೆ ಹೋಗಿ ತಂಬೂರಿ ಕೇಳಿದೆ. ಅಂಗಡಿಯಾಂವ ಎರಡು ನಮೂನಿ ತೋರಿಸಿದ. ಒಂದು ದೊಡ್ಡದು, ಗಂಡಸರು ಹಾಡ್ಲಿಕ್ಕೆ. ಒಂದು ಸಣ್ಣದು, ಹೆಂಗಸರು ಹಾಡ್ಲಿಕ್ಕೆ. "ಗಾಣಾರ ಕೋಣ?" ಅಂತ ಮರಾಠಿಯೊಳಗ ಕೇಳಿದ, ಹಾಡಾವ್ರು ಯಾರು ಅಂತ. ಹೆಂಡತಿ ಹಾಡ್ತಾಳ, ನಾ ಹಿಂದ ಕೂತು ತಂತಿ ಎಳಿಯಾಂವ ಅಂತ ಗುರತಿಲ್ಲದ ಅಂಗಡ್ಯಾಗ ಹೆಂಗ ಹೇಳ್ಕೊಳ್ಳೂದ್ರಿ? "ಮೀಚ," ಅಂದೆ. ನಾನs. ಅಷ್ಟಕ್ಕ ಸುಮ್ಮನಿರದ ಎದಿ ಉಬ್ಬಿಸಿ ಒಂದು ಆಲಾಪನೂ ತಗದೆ. ಅಂವ ಲಗೂನ ದೊಡ್ಡದನ್ನ ಕಟ್ಟಿ ಕೊಟ್ಟ.

ರಿಕ್ಷಾದಾಗ ಅದರ ಹೊಟ್ಟಿ ನನ್ನ ತೊಡಿ ಮ್ಯಾಲೆ, ಕುತಿಗಿ ಹೊರಗ. ಸಿಗ್ನಲ್ಲಿನ್ಯಾಗ ಒಬ್ಬಾಂವ ಸ್ಕೂಟರಿನವ ಅದಕ್ಕ ಹೆಲ್ಮೆಟ್ ಬಡದುಕೊಂಡ. ರಿಕ್ಷಾದಾಂವ, "ಆಜೋಬಾ, ತ್ಯಾಚೀ ಮಾನ ಆತ ಘ್ಯಾ," ಅಂತ ಚೀರಿದ, ಅದರ ಕುತಿಗಿ ಒಳಗ ತಗೋರಿ ಅಂತ. ಒಳಗ ತಗೊಂಡ್ರ ನನ್ನ ಕುತಿಗಿ ಹೊರಗ ಹೋಗ್ತಿತ್ತು. ಹಿಂಗ ಪಾಳಿ ಪ್ರಕಾರ ಒಬ್ಬರ ಕುತಿಗಿ ಒಬ್ಬರು ಹೊರಗ ಹಾಕ್ಕೋತ ಹಡಪಸರ ಮುಟ್ಟಿದ್ವಿ.

ಸುಮಿತ್ರಾಗ ಯಾಕ ತಂದೇನಿ ಅಂತ ಹೇಳಲಿಲ್ಲ. ಗೌರಿಗೂ ನಾನs ಹಾಡಾಂವ ಅಂತ ಹೇಳಿದೆ. ಸುಳ್ಳು ಒಂದs ಇರಬೇಕ್ರಿ, ಎರಡಾದ್ರ ನೆನಪಿಡೂದು ತ್ರಾಸ.

ನಾಲ್ಕು ತಂತಿ, ಅದರಾಗ ಮೂರು ಅದs ಸಾ, ಒಂದು ಪಾ. ಇದರಾಗ ಕಲಿಯೂದೇನು ಅಂತ ನೀವೂ ಅಂತೀರಿ, ನಾನೂ ಅಂದಿದ್ದೆ. ಮೊದಲನೇ ದಿನ ಹತ್ತಿ ಹಿಂಜಾವ್ರಂಗ ಹಿಂಜಿದೆ. ಗೌರಿ ಕಣ್ಣು ಮುಚ್ಚಿಕೊಂಡು, "ಕಾಕಾ, ಇದು ಬಾರಸೂದಲ್ಲ, ಬಿಡೂದು. ನಡುಬೆರಳಿನಿಂದ ಒಂದು, ತೋರಬೆರಳಿನಿಂದ ಮೂರು. ಅವಸರ ಇಲ್ಲ, ತಾಳ ಇಲ್ಲ, ಒಂದು ಜೋರು ಒಂದು ಹಗುರ ಇಲ್ಲ. ನೀವು ಅಲ್ಲಿ ಇದ್ದೀರಿ ಅನ್ನೂದs ಯಾರಿಗೂ ಗೊತ್ತಾಗಬಾರದು," ಅಂದ್ಲು.

ಹುಟ್ಟಿದಾರಭ್ಯ ನಾ ಇದ್ದೀನಿ ಅಂತ ಗೊತ್ತು ಮಾಡಿಸ್ಕೋತ ಬಂದ ಮನಶ್ಯಾಗ ಈ ಮಾತು ಹೇಳಿದ್ರ ಹೆಂಗಾಗಬ್ಯಾಡ? ಬೆರಳು ಸುಮ್ಮ ಬಿಡ್ತಿತ್ತು, ಮನಸ್ಸು ಬಿಡ್ತಿರಲಿಲ್ಲ. ಆದ್ರ ಬಾಜೂಕಿನ ಖೋಲ್ಯಾಗಿಂದ ವಾಸಣ್ಣನ ಬೆಕ್ಕು ಚೀರೂದು ಕೇಳಿಸ್ತಿತ್ತು. ಅದನ್ನ ಕೇಳಿ ಕೇಳಿ ಹಲ್ಲು ಕಚ್ಚಿ ಕಲ್ತೆ. ಬುರುಡಿ ಮ್ಯಾಲೆ ತಂತಿ ಆನಿಸೂ ಕಟಗಿಗೆ ಕುದುರಿ ಅಂತಾರ. ತಂತಿ ಆ ಕುದುರಿ ಮ್ಯಾಲೆ ಹಾಯ್ತದಲ್ಲ, ಅಲ್ಲಿ ತಳಗ ಒಂದು ಎಳಿ ದಾರ ಸರಸಬೇಕು. ದಾರ ಸರಿಯಾದ ಜಾಗಾಕ್ಕ ಕೂತ್ರ ತಂತಿ ದುಂಬಿಯಂಗ ಗುಂಯ್ ಅಂತದ. ಇಲ್ಲಾಂದ್ರ ಟಿಣ್ ಅಂದು ಸತ್ತು ಹೋಗ್ತದ. ಒಂದಿನಾ ಮನ್ಯಾಗ ಆ ದಾರ ಕಳೀತು. ನಾ ಹಿಂದಮುಂದ ನೋಡದ ಹಳೆ ಜನಿವಾರದ ಒಂದು ಎಳಿ ಹರದು ಹಾಕಿದೆ. ಏನ್ ದನಿ ಬಂತ್ರಿ. ಸುಮಿತ್ರಾ ಬಂದು ನೋಡಿ, "ಹೊಲಿಗಿ ಡಬ್ಬ್ಯಾಗ ದಾರ ಇತ್ತಲ್ರಿ," ಅಂದ್ಲು. ಅದರಾಗ ಆ ದನಿ ಬರೂದಿಲ್ಲ ಅಂತ ನಾ ಇವತ್ತಿಗೂ ವಾದಾ ಮಾಡ್ತೀನಿ.

ಕಾರ್ಯಕ್ರಮಕ್ಕ ಎರಡು ವಾರ ಇದ್ದಾಗ ಗೌರಿ ಕ್ಲಾಸಿನ್ಯಾಗ ಎಲ್ಲಾರೂ ಕೂಡಿದ್ವಿ. ವಾಸಣ್ಣ ಸಿತಾರ ತಗೀಲಿಕ್ಕೆ ಹತ್ತಿದ. ನಾ ಕೈ ಎತ್ತಿ, "ವಾಸಣ್ಣಾ, ತ್ರಾಸ ತಗೋಬ್ಯಾಡ್ರಿ. ಸುಮಿತ್ರಾನ ಹಿಂದ ತಂಬೂರಿ ಹಿಡಕೊಂಡು ನಾ ಕೂಡ್ತೀನಿ. ಸಿತಾರ ಇಲ್ಲದಿದ್ರ ನಡೀತದಂತ," ಅಂದೆ. ಅವನ ಮಾರಿ ನೋಡಿ ನನಗ ಇಡೀ ಮಂಡಿಗಿ ತಿಂದಷ್ಟು ಸಮಾಧಾನ ಆತು.

ಗೌರಿ ಮಾತ್ರ ಗಾಬರಿ ಆದ್ಲು. "ಕಾಕಾ, ಹಾಡಾವ್ರು ನೀವು ಅಂದಿದ್ರಲ್ಲ? ಕಾಕು, ಒಂದು ಸಲ ನಿಮ್ಮ ಸಾ ಹಚ್ಚರಿ."

ಸುಮಿತ್ರಾ ಸಾ ಹಚ್ಚಿದ್ಲು. ನಾ ತಂಬೂರಿ ಬಿಟ್ಟೆ. ಆಕಿ ಮಾಳಗಿ ಮ್ಯಾಲಿದ್ಲು, ತಂಬೂರಿ ನೆಲಮನ್ಯಾಗ ಇತ್ತು. ಗೌರಿ ಹಾರ್ಮೋನಿಯಮ್ ಪೆಟಿಗಿ ತಗದು ಮನಿ ಒತ್ತಿ ನೋಡಿ ಹೇಳಿದ್ಲು, "ಕಾಕುನ ಪಟ್ಟಿ ಕಾಳಿ ಚಾರ್, ನಾಲ್ಕನೇ ಕರಿ ಮನಿ. ನಿಮ್ಮ ತಂಬೂರಿ ಕಾಳಿ ಏಕ, ಮೊದಲನೇದು. ಗಂಡಸರ ಪಟ್ಟಿ. ಕೂಡೂದಿಲ್ಲ."

"ಕೂಡಸೂಣಂತ," ಅಂತ ನಾ ಮ್ಯಾಲಿನ ಗೂಟ ತಿರುವಿದೆ. ಇನ್ನೊಂದು ತಿರುವು ತಿರುವಿದೆ. ಪಟ್ ಅಂತ ತಂತಿ ಹರದು ನನ್ನ ಕಿವಿಗೇ ಬಡೀತು.

"ಗೋಪಾಳರಾವ್, ಅದು ನಟ್ ಬೋಲ್ಟ್ ಅಲ್ಲರಿ," ಅಂತ ವಾಸಣ್ಣ ಹೊಟ್ಟಿ ಹಿಡಕೊಂಡು ನಕ್ಕ.

"ವಾಸು ಕಾಕಾ, ನೀವು ನಗಬ್ಯಾಡ್ರಿ," ಅಂದ್ಲು ಗೌರಿ. "ನಿಮ್ಮ ಸಿತಾರನೂ ಕಾಳಿ ಏಕದ್ದs. ಕಾಕುನ ಪಟ್ಟಿಗೆ ಅದರಾಗ ಬಾರಸಬೇಕಂದ್ರ ಭಾಳ ವರ್ಷದ ಕೈ ಬೇಕು. ನೀವು ಇನ್ನೂ ಗಾ ದೊಳಗ ಇದ್ದೀರಿ."

ನಾ ಉರಿಯೂ ಕಿವಿ ಹಿಡಕೊಂಡು ನಕ್ಕೆ. ಸುಮಿತ್ರಾ ಇಬ್ಬರನ್ನೂ ನೋಡಿ, "ಅಂದ್ರ ಇಬ್ಬರೂ ಉಪಯೋಗಿಲ್ಲ," ಅಂದ್ಲು. ಗೌರಿ ಆಕಿ ಮೊಬೈಲ್ ಇಸಕೊಂಡು ಏನೋ ಒತ್ತಿದ್ಲು. ಅದರೊಳಗಿಂದ ತಂಬೂರಿ ಗುಂಯ್ ಅಂತು. ಯಾವ ಪಟ್ಟಿ ಬೇಕು ಆ ಪಟ್ಟಿ, ಬೆರಳು ಸೋಲೂದಿಲ್ಲ, ತಂತಿ ಹರಿಯೂದಿಲ್ಲ, ಜನಿವಾರ ಬೇಕಾಗೂದಿಲ್ಲ.

ನಮ್ಮಿಬ್ಬರಿಗೂ ಸಮಾಧಾನ ಹೇಳಬೇಕಂತ ಗೌರಿ, "ನಿಮ್ಮ ತಂಬೂರಿ, ಅವರ ಸಿತಾರ ಒಂದs ಪಟ್ಟಿ. ಇಬ್ಬರೂ ಜೋಡಿ ಕೂತು ರಿಯಾಜ್ ಮಾಡ್ರಿ," ಅಂದ್ಲು. ಹಿಂಗಾಗಿ ವಾರಕ್ಕೊಮ್ಮೆ ವಾಸಣ್ಣ ನಮ್ಮ ಸೋಫಾದ ಮ್ಯಾಲೆ ಬಂದು ಕೂಡಲಿಕ್ಕೆ ಹತ್ತಿದ. ಮಿಜರಾಬ ಬಿದ್ದದ್ದು ಅವಾಗs. ತಿರುಗಿ ಕೊಡ್ತೀನಿ, ಅವಸರ ಏನದ.

ಷಡ್ಡಕನ ಮ್ಯಾಲೆ ಹೊಟ್ಟಿಕಿಚ್ಚು ಪಡೂದ್ರಾಗ ಒಂದು ಮರ್ಯಾದಿ ಇತ್ತು. ಈಗ ಮೊಬೈಲಿನ ಮ್ಯಾಲೆ ಪಡೂ ಪಾಳಿ ಬಂತು. ಆಕಿ ರೊಟ್ಟಿ ಬಡಿಯುವಾಗ ಅದು ಕಟ್ಟಿ ಮ್ಯಾಲೆ ಗುಂಯ್ ಅಂತಿತ್ತು. ದೇವರ ಮುಂದ ಗುಂಯ್ ಅಂತಿತ್ತು. ನಾ ಚಹಾ ಕೇಳಿದ್ರ, "ತಡೀರಿ, ಶ್ರುತಿ ತಪ್ಪತದ," ಅಂತಿದ್ಲು.

ಕಾರ್ಯಕ್ರಮದ ದಿನ ಮುಂದಿನ ಸಾಲಿನ್ಯಾಗ ಕುಸುಮಾ, ವಾಸಣ್ಣ, ನಾ ಕೂತ್ವಿ. ಸ್ಟೇಜಿನ ಮ್ಯಾಲೆ ಸುಮಿತ್ರಾ ಹಸರ ಇಳಕಲ್ ಸೀರಿ ಉಟ್ಟುಕೊಂಡು ಬಂದು ಕೂತ್ಲು. ಬಾಜೂಕ, ಯಾವ ಜಾಗಾಕ್ಕ ನಾವಿಬ್ಬರೂ ಅಷ್ಟು ಹೊಡದಾಡಿದ್ವಿ ಅದs ಜಾಗಾದಾಗ, ಸಣ್ಣ ಸ್ಟೂಲಿನ ಮ್ಯಾಲೆ ಖಣದ ತುಂಡು ಹಾಸಿ ಮೊಬೈಲ್ ಇಟ್ಟಿದ್ಲು. ಹಾಡೂಕಿಂತ ಮೊದಲು ವಾದ್ಯಕ್ಕ ಕೈ ಮುಗಿಯೂ ಪದ್ಧತಿ ಅದ ನೋಡ್ರಿ, ಆಕಿ ಮೊಬೈಲಿಗೆ ಕೈ ಮುಗದ್ಲು. ನನಗ ಲಗ್ನದಾಗ ಮುಗದಿದ್ಲು, ಭಟ್ಟರು ಹೇಳಿದ ಮ್ಯಾಲೆ.

ಹಾಡು ಸುರು ಆತು. ನನ್ನ ಕೈ ತಾನs ಕಿಸೆಕ್ಕ ಹೋತು. ಆಕಿ ಫೋನಿಗೆ ಒಂದು ರಿಂಗ್ ಹ್ವಾದ್ರ ಸಾಕು, ಆ ತಂಬೂರಿ ಬಾಯಿ ಮುಚ್ಚೀತು. ಮುಚ್ಚಿದ್ರ ಆಕಿ ಗಾಬರಿಯಾಗಿ ಯಾರ ಕಡೆ ನೋಡ್ತಾಳ? ನನ್ನ ಕಡೆ ನೋಡ್ತಾಳ. ನನಗ ಅಷ್ಟs ಬೇಕಿತ್ತು.

ವಾಸಣ್ಣ ಓರೆಗಣ್ಣಿಂದ ನೋಡಿದ. "ಏನು ಮಾಡ್ಲಿಕ್ಕೆ ಹತ್ತೀರಿ?"

"ಒಂದು ಮಿಸ್ಡ್ ಕಾಲ್."

"ಛೇ ಛೇ. ಪಾಪ, ಹಾಡ್ಲಿ ಬಿಡ್ರಿ. ಇದು ಸರಸ್ವತಿ ಇದ್ದಂಗ, ಗೋಪಾಳರಾವ್. ಚೇಷ್ಟಾಕ್ಕ ಒಂದು ಮಿತಿ ಬೇಕು." ಹೇಳ್ಕೋತ ಎರಡೂ ಕೈ ಶಾಲಿನೊಳಗ ಇಟ್ಟುಕೊಂಡು ಋಷಿಗತೆ ಕಣ್ಣು ಮುಚ್ಚಿದ.

ಅಂವ ಬ್ಯಾಡ ಅಂದಮ್ಯಾಲೆ ಮಾಡಲಿಕ್ಕೇಬೇಕಾತು. ಒತ್ತಿದೆ, ಕಿವಿಗೆ ಹಿಡದೆ. ಒಳಗಿಂದ ಒಬ್ಬ ಹೆಣಮಗಳು ಮರಾಠಿಯೊಳಗ ಭಾಳ ನಯವಾಗಿ ಹೇಳಿದ್ಲು, ನೀವು ಕರೀಲಿಕ್ಕೆ ಹತ್ತಿದವರು ಸಂಪರ್ಕ ಕ್ಷೇತ್ರದ ಹೊರಗ ಇದ್ದಾರ ಅಂತ. ಎದುರಿಗೆ, ಕಲ್ಲು ಒಗದ್ರ ಬೀಳೂ ಅಂತರದಾಗ ಸುಮಿತ್ರಾ ಕಣ್ಣು ಮುಚ್ಚಿ ಹಾಡ್ಲಿಕ್ಕೆ ಹತ್ತಿದ್ಲು. ಧ್ವನಿ ಏರ್ಕೋತ ಹೋತು, ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಹೋಗಿ ಸುಮ್ಮ ನಿಂತಿತು. ಆ ಹೊತ್ತಿನ್ಯಾಗ ಆಕಿಗೆ ನಾನೂ ಬೇಕಾಗಿದ್ದಿಲ್ಲ, ವಾಸಣ್ಣನೂ ಬೇಕಾಗಿದ್ದಿಲ್ಲ, ಆ ಮೊಬೈಲೂ ಬೇಕಾಗಿದ್ದಿಲ್ಲ. ಕಿವ್ಯಾಗ ಆ ಹೆಣಮಗಳು ಹಿಂದಿಯೊಳಗ ಸುರು ಮಾಡಿದ್ಲು. ನಾ ಫೋನ್ ಇಳಿಸಿದೆ.

ಚಪ್ಪಾಳಿ ಭಾಳ ಹೊತ್ತು ಬಿದ್ವು. ನಂದು ಎಲ್ಲಾರಕಿಂತ ಜೋರಿತ್ತು ಅಂತ ಯಾರನ್ನ ಬೇಕಾದ್ರೂ ಕೇಳ್ರಿ.

ರಿಕ್ಷಾದಾಗ ಮನಿಗೆ ಬರುವಾಗ ಸುಮಿತ್ರಾ ಚೀಲದಾಗಿಂದ ಮೊಬೈಲ್ ತಗದ್ಲು. "ಫ್ಲೈಟ್ ಮೋಡ್ ಹಾಕಿಟ್ಟಿದ್ದೆ," ಅಂದ್ಲು.

"ಗೌರಿ ಹೇಳಿದ್ಲೇನು?"

"ಆಕಿ ಯಾಕ ಹೇಳ್ತಾಳ? ನೀವು ಮುಂದಿನ ಸಾಲಿನ್ಯಾಗ ಕೂತಿದ್ರಲ್ಲ."

ಏನೋ ಒತ್ತಿದ್ಲು. ಟಿಂಗ್ ಅಂತು. ಇನ್ನೊಂದು ಸಲ ಟಿಂಗ್ ಅಂತು.

"ಎರಡು ಮಿಸ್ಡ್ ಕಾಲಿನ ಮೆಸೇಜ್ ಬಂದಾವ," ಅಂದ್ಲು. "ಒಂದು ನಿಮ್ಮದು."

"ಕೈ ಹತ್ತಿರಬೇಕು. ಕಿಸೆದಾಗಿತ್ತು."

"ಇನ್ನೊಂದು ಭಾವಂದು."

ರಿಕ್ಷಾ ಒಂದು ತೆಗ್ಗಿನ್ಯಾಗ ಹಾರಿ ಇಳೀತು. ಶಾಲಿನೊಳಗಿನ ಎರಡು ಕೈ ನನ್ನ ಕಣ್ಣಿಗೆ ಬಂದ್ವು. ಸರಸ್ವತಿ ಅಂತ, ಮಿತಿ ಅಂತ. "ಇಲ್ಲಿ ಕೊಡು ನೋಡ್ತೀನಿ," ಅಂತ ಇಸಕೊಂಡು, ಕೈ ಉದ್ದ ಮಾಡಿ ಹಿಡದು ವ್ಯಾಳೆ ನೋಡಿದೆ. ಅವಂದು ನನಗಿಂತ ಮೊದಲು ಬಂದಿತ್ತು. ಮಾಡಲ್ಯೋ ಬ್ಯಾಡೋ ಅಂತ ನಾ ಇನ್ನೂ ಕಿಸೆದಾಗ ಕೈ ಹಾಕಿ ವಿಚಾರ ಮಾಡೂ ಹೊತ್ತಿಗೆ, ಅಂವ ಮಾಡಿ ಮುಗಿಸಿ, ನನಗ ಬುದ್ಧಿ ಹೇಳಲಿಕ್ಕೆ ಕೂತಿದ್ದ.